ಕಿಟೆಲ್ ಬದುಕು ಮತ್ತು ಇಂಗ್ಲಿಷ್ ಪದರಚನೆಯ ಪಾಠ

ಪಾಠಾಭ್ಯಾಸಕ್ಕೆ ಹೊರಡುವ ಇಂಗ್ಲಿಷ್ ವಿಧಾನದ ಪ್ರಶಿಕ್ಷಣಾರ್ಥಿಗಳಿಗೆ ನಾನು ಪ್ರತಿವರ್ಷ ಫರ್ಡಿನೆಂಡ್ ಕಿಟೆಲ್ ಅವರ ಜೀವನವನ್ನು ಹೇಳುತ್ತೇನೆ. ಕನ್ನಡ ನಿಘಂಟುಕಾರರಿಗೂ ಇಂಗ್ಲಿಷ್ ಪಾಠಕ್ಕೂ ಏನು ಸಂಬಂಧ ಎಂದು ಕೆಲವರು ಕೇಳುವುದುಂಟು. ಪೂರ್ವಪ್ರತ್ಯಯ ಮತ್ತು ಪರಪ್ರತ್ಯಯಗಳ ಘಟಕವನ್ನು ಕಲಿಸಬೇಕಾದವರಿಗೆ ಆ ಸಂಬಂಧ ಬೇಗ ತಿಳಿಯುತ್ತದೆ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಸೀಮೆಯಲ್ಲಿ. ತಂದೆ ಪಾದ್ರಿ. ಬಾಸೆಲ್ ಮಿಶನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಹೆಚ್ಚುಕಡಿಮೆ ನಮ್ಮ ಪ್ರಶಿಕ್ಷಣಾರ್ಥಿಗಳ ವಯಸ್ಸು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಕನ್ನಡ ಅವರಿಗೆ ಮನೆಮಾತಲ್ಲ, ದೊಡ್ಡವರಾದ ಮೇಲೆ ಕಲಿತ ಭಾಷೆ. ನಮ್ಮ ಹರಿಹರದ ಹಳ್ಳಿಗಳಿಂದ ಬರುವ ಮಕ್ಕಳು ಇಂಗ್ಲಿಷಿನ ಮುಂದೆ ನಿಲ್ಲುವಂತೆಯೇ ಅವರೂ ಕನ್ನಡದ ಮುಂದೆ ನಿಂತಿದ್ದರು.

ಅವರ ಕಲಿಕೆ ಪದಪಟ್ಟಿಯ ಬಾಯಿಪಾಠಕ್ಕೆ ನಿಲ್ಲಲಿಲ್ಲ. 1862ರಲ್ಲಿ ಕನ್ನಡದ ಛಂದಸ್ಸಿನಲ್ಲೇ ಕ್ರಿಸ್ತನ ಕಥೆಯನ್ನು ಹೇಳುವ ಕಥಾಮಾಲೆಯನ್ನು ಬರೆದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಹೊರತಂದರು. ಶಬ್ದಮಣಿದರ್ಪಣದ ತದ್ಧಿತ ಪ್ರಕರಣವು ನಾಮಪದಕ್ಕೆ ಪ್ರತ್ಯಯ ಹತ್ತಿ ಹೊಸ ಪದ ಹುಟ್ಟುವ ಬಗೆಯನ್ನು ವಿವರಿಸುತ್ತದೆ. ಮಾಲೆಗಾರ, ಜಾಣತನ, ಬಡತನ ಇಂಥ ಪದಗಳು. ಪದವನ್ನು ಎಲ್ಲಿ ಬಿಡಿಸಬೇಕೆಂದು ತಿಳಿದ ಮೇಲೆಯೇ ಅವರು ನಿಘಂಟಿನ ದೊಡ್ಡ ಕೆಲಸವನ್ನು ಕೈಗೆತ್ತಿಕೊಂಡರು.

ಇಲ್ಲಿ ಒಂದು ಅಂಶವನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಕಿಟೆಲ್ ಅವರ ಜರ್ಮನ್ ಭಾಷೆಯಲ್ಲಿ ಇಂಗ್ಲಿಷಿನಂತೆಯೇ ನಿಷೇಧದ ‘ಅನ್’ ಪದದ ಮೊದಲಿಗೆ ಬರುತ್ತದೆ. ಅಚ್ಚಕನ್ನಡದ ಜಾಯಮಾನ ಬೇರೆ. ಇಲ್ಲಿ ಪ್ರತ್ಯಯಗಳು ಪದದ ಕೊನೆಗೆ ಹತ್ತುತ್ತವೆ. ಮಾಡದ, ಬಾರದ, ಕೊನೆಯಿಲ್ಲದ ಎನ್ನುವಾಗ ನಿಷೇಧವೂ ಕೊನೆಗೇ. ಪದದ ಮೊದಲಿಗೆ ಸೇರುವ ತುಣುಕುಗಳು ಬಹುಪಾಲು ಹೊರಗಿನಿಂದ ಬಂದವು: ಸಂಸ್ಕೃತದಿಂದ ಅಸತ್ಯ, ಅನುಚಿತ, ಪಾರಸಿಯ ದಾರಿಯಿಂದ ಗೈರುಹಾಜರಿ, ಬೇಜವಾಬ್ದಾರಿ. ಕಿಟೆಲ್ ಈ ವ್ಯತ್ಯಾಸವನ್ನು ದಾಟಿ ಬಂದವರು. ನಮ್ಮ ಮಕ್ಕಳು ಅದನ್ನು ಎದುರು ದಿಕ್ಕಿನಿಂದ ದಾಟಬೇಕು.

ಹರಿಹರದ ಒಂದು ಪ್ರೌಢಶಾಲೆಯಲ್ಲಿ ನಾನು ಪಾಠ ವೀಕ್ಷಿಸುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹ್ಯಾಪಿಯ ವಿರುದ್ಧಪದ ಹ್ಯಾಪಿಲೆಸ್ ಎಂದು ಬರೆದಿದ್ದಳು. ಪ್ರಶಿಕ್ಷಣಾರ್ಥಿ ಅದಕ್ಕೆ ಕೆಂಪು ಗೀಟು ಎಳೆದು ಅನ್‌ಹ್ಯಾಪಿ ಎಂದು ತಿದ್ದಿ ಮುಂದೆ ಹೋದರು. ಆ ಹುಡುಗಿ ಯೋಚಿಸಿಯೇ ಬರೆದಿದ್ದಳು. ಸಂತೋಷ ಇಲ್ಲದ ಎಂಬ ಕನ್ನಡದ ಕ್ರಮ ಅವಳ ಕೈ ಹಿಡಿದಿತ್ತು. ಲೆಸ್ ಎಂದರೆ ಇಲ್ಲದ ಎಂಬುದೂ ಅವಳಿಗೆ ಗೊತ್ತಿತ್ತು. ತಿಳಿಯದೆ ಉಳಿದದ್ದು ಒಂದೇ: ಲೆಸ್ ಹೋಪ್, ಕೇರ್, ಯೂಸ್‌ನಂಥ ನಾಮಪದಗಳಿಗೆ ಹತ್ತುತ್ತದೆ, ಹ್ಯಾಪಿ, ಕೈಂಡ್, ಫೇರ್‌ನಂಥ ಗುಣವಾಚಕಗಳಿಗೆ ಅನ್ ಬೇಕು. ಇದನ್ನು ಹೇಳದೆ ಬರೀ ಗೀಟು ಎಳೆದರೆ, ಇಂಗ್ಲಿಷ್ ತನಗೆ ಹತ್ತುವುದಿಲ್ಲ ಎಂಬ ತೀರ್ಮಾನಕ್ಕೆ ಮಗು ಬರುತ್ತದೆ. ಆ ತೀರ್ಮಾನ ಹತ್ತನೆಯ ತರಗತಿಯ ಪರೀಕ್ಷೆಯವರೆಗೂ ಬೆನ್ನು ಬಿಡುವುದಿಲ್ಲ.

ಕಿಟೆಲ್ ಜನರ ಬಾಯಿಂದ ಮಾತು, ಗಾದೆಗಳನ್ನು ಕೂಡಿಸಿದರು; ಹಳೆಯ ಕಾವ್ಯಗಳನ್ನು ಜಾಲಾಡಿದರು; ಕನ್ನಡ ಪಂಡಿತರ ನೆರವು ಪಡೆದರು. ಒಂದೇ ರೂಪದ ಬೇರೆ ಬೇರೆ ಪದಗಳಿಗೆ ಬೇರೆ ಅಂಕಿ ಕೊಟ್ಟರು, ತದ್ಭವಗಳಿಗೆ ಮೂಲ ಗುರುತಿಸಿದರು. ವರ್ಷಗಟ್ಟಲೆ ನಡೆದ ಈ ದುಡಿಮೆಯ ಫಲವಾಗಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಟ್ಟಿಗೆ ನೋಡುವ ವ್ಯಾಕರಣ 1903ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ, 71ನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಈ ಬದುಕಿನಿಂದ ನಮ್ಮ ಪಾಠಯೋಜನೆಗೆ ಮೂರು ಸಂಗತಿಗಳು ಸಿಗುತ್ತವೆ. ಮೊದಲನೆಯದು, ಮಗುವಿಗೆ ಗೊತ್ತಿರುವ ಪದದಿಂದ ಹೊರಡುವುದು. ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಹರಿಹರದಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್ ಮನೆಮಾತುಗಳು. ಟರ್ನ್, ಫಿಟ್, ವೆಲ್ಡ್ ಎಂದು ಬಿಡಿಸಿ ತೋರಿಸಿದರೆ ಟೀಚರ್, ಸಿಂಗರ್ ತಾವಾಗಿ ಬರುತ್ತವೆ. ಎರಡನೆಯದು, ನಿಯಮ ಎಲ್ಲಿ ನಿಲ್ಲುತ್ತದೆಂದು ತೋರಿಸುವುದು. ಅಡುಗೆ ಮಾಡುವವರು ಕುಕ್. ಕುಕರ್ ಒಲೆಯ ಮೇಲಿನ ಪಾತ್ರೆ. ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ. ಮೂರನೆಯದು, ಬೆಸುಗೆಯ ಜಾಗದಲ್ಲಿ ಅಕ್ಷರ ಬದಲಾಗುವುದನ್ನು ಊರಿನ ಹೆಸರಿನಿಂದಲೇ ಕಾಣಿಸುವುದು. ದಾವಣಗೆರೆಯ ಗೆರೆ ಮೂಲದಲ್ಲಿ ಕೆರೆ. ಸೇರುವಾಗ ಕಕಾರ ಗಕಾರವಾಯಿತು. ಹ್ಯಾಪಿಗೆ ನೆಸ್ ಸೇರುವಾಗ ವೈ ಅಕ್ಷರ ಐ ಆಗುವುದೂ ಇಂಥದೇ ಮಾರ್ಪಾಟು ಎಂದರೆ ಕಾಗುಣಿತದ ಹೆದರಿಕೆ ಇಳಿಯುತ್ತದೆ.

ಮುಂದಿನ ಪಾಠಾಭ್ಯಾಸದಲ್ಲಿ ಪ್ರಶಿಕ್ಷಣಾರ್ಥಿಗಳು ಮಕ್ಕಳ ತಪ್ಪು ಪದಗಳನ್ನು ಅಳಿಸದೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಪ್ರತಿ ಪದದ ಎದುರು, ಮಗು ಯಾವ ಕನ್ನಡ ಕ್ರಮದಿಂದ ಅಲ್ಲಿಗೆ ಬಂತು ಎಂಬುದನ್ನೂ ಬರೆಯಲಿ. ಹತ್ತು ಪಾಠ ಮುಗಿಯುವ ಹೊತ್ತಿಗೆ ಆ ಪುಸ್ತಕವೇ ಅವರ ಒಳ್ಳೆಯ ಬೋಧನೋಪಕರಣವಾಗಿರುತ್ತದೆ.