ತಟ್ಟೆಗೆ ಕಂಠ ಕೊಟ್ಟ ಎಮಿಲ್ ಬರ್ಲಿನರ್

ಹಾಡಿದ ಕಂಠವನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವೆಂದೊಡನೆ ನಮಗೆ ನೆನಪಾಗುವುದು ಎಡಿಸನ್ನನ ಹೆಸರು. 1877ರಲ್ಲಿ ಆ ಅದ್ಭುತವನ್ನು ಲೋಕಕ್ಕೆ ಮೊದಲು ತೋರಿದ ಕೀರ್ತಿ ಆತನಿಗೆ ಸಲ್ಲತಕ್ಕದ್ದೇ ಸರಿ. ಆದರೆ ಎಡಿಸನ್ನನ ಯಂತ್ರದಲ್ಲಿ ತಿರುಗುತ್ತಿದ್ದುದು ಉರುಳೆ. ನಮ್ಮ ಮನೆಗಳಿಗೆ ಬಂದದ್ದು ತಟ್ಟೆ. ಇಂದಿಗೂ ಸಂಗೀತಪ್ರಿಯರು ಬೆಲೆಬಾಳುವ ಟರ್ನ್‌ಟೇಬಲ್ಲಿನ ಮೇಲಿಟ್ಟು ಆಲಿಸುವ ಆ ತಟ್ಟೆಯನ್ನು ಕೊಟ್ಟವನು ಎಮಿಲ್ ಬರ್ಲಿನರ್. ಆ ತಟ್ಟೆಯನ್ನು ಸಮಗತಿಯಲ್ಲಿ ತಿರುಗಿಸುವ ಉಪಾಯ ಆತನಿಗೆ ಬಹುಕಾಲ ದೊರೆಯಲಿಲ್ಲ. ದೊರೆತ ನಾಲ್ಕೇ ವರ್ಷಗಳಲ್ಲಿ ಯಂತ್ರವನ್ನು ಮಾರುವ ಅಧಿಕಾರವೇ ಆತನ ಕೈತಪ್ಪಿತು. ಈ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಬರ್ಲಿನರ್ ಹುಟ್ಟಿದ್ದು 1851ರ ಮೇ 20ರಂದು, ಜರ್ಮನಿಯ ಹನೋವರ್ ನಗರದ ಯೆಹೂದಿ ವರ್ತಕರ ಮನೆಯಲ್ಲಿ. ತಂದೆ ಧರ್ಮಗ್ರಂಥಗಳನ್ನು ಬಲ್ಲವನು. ತಾಯಿ ಸಂಗೀತದಲ್ಲಿ ಅಭಿರುಚಿಯುಳ್ಳವಳು. 13 ಮಕ್ಕಳ ಆ ದೊಡ್ಡ ಸಂಸಾರದಲ್ಲಿ ಹೆಚ್ಚಿನ ವಿದ್ಯಾಭ್ಯಾಸಕ್ಕೆ ಅವಕಾಶವಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಮುಗಿಯಿತು. ಬಾಲಕ ಅಚ್ಚುಕೂಟದಲ್ಲಿಯೂ ಬಟ್ಟೆಯಂಗಡಿಯಲ್ಲಿಯೂ ದುಡಿದನು. 1866ರಲ್ಲಿ ಹನೋವರ್ ರಾಜ್ಯವು ಪ್ರಷ್ಯದ ವಶವಾಯಿತು. ಇನ್ನು ಸೈನ್ಯಕ್ಕೆ ಸೇರುವುದು ಅನಿವಾರ್ಯವೆಂದು ಕಂಡಾಗ, 1870ರಲ್ಲಿ ಆ ತರುಣನು ಹಡಗನ್ನೇರಿ ಅಮೆರಿಕಕ್ಕೆ ಹೊರಟುಹೋದನು.

ವಾಷಿಂಗ್ಟನ್ನಿನಲ್ಲಿ ಕುಟುಂಬದ ಪರಿಚಿತರೊಬ್ಬರ ಜವಳಿ ಅಂಗಡಿ ಆತನಿಗೆ ಆಶ್ರಯವಿತ್ತಿತು. ಕೆಲಕಾಲ ನ್ಯೂಯಾರ್ಕಿನ ಒಂದು ರಸಾಯನಶಾಲೆಯಲ್ಲಿ ಶೀಷೆ ತೊಳೆಯುವ ಕೆಲಸವನ್ನೂ ಮಾಡಿದನು. ಹಗಲು ದುಡಿಮೆ, ಇರುಳು ಕೂಪರ್ ಸಂಸ್ಥೆಯಲ್ಲಿ ವಿಜ್ಞಾನದ ವ್ಯಾಸಂಗ. 1876ರಲ್ಲಿ ಬೆಲ್ಲನ ಟೆಲಿಫೋನು ಬಂದಿತು. ಅದರಲ್ಲಿ ಮಾತು ತೀರ ಕ್ಷೀಣವಾಗಿ ಕೇಳುತ್ತಿದ್ದುದನ್ನು ಗಮನಿಸಿದ ಬರ್ಲಿನರ್, ಮರುವರ್ಷವೇ ತನ್ನ ಬಾಡಿಗೆ ಕೋಣೆಯಲ್ಲಿ ಧ್ವನಿಯನ್ನು ಸ್ಪಷ್ಟವಾಗಿ ಒಯ್ಯಬಲ್ಲ ಪ್ರೇಷಕವೊಂದನ್ನು ರಚಿಸಿದನು. ಬೆಲ್ ಕಂಪನಿ ಆ ಹಕ್ಕನ್ನು ಕೊಂಡು ಆತನನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. ಅಂಗಡಿಯ ಗುಮಾಸ್ತೆ ಹೀಗೆ ಸಂಶೋಧಕನಾದನು.

ಆತನ ಮುಂದಿನ ಸಾಹಸವೇ ಗ್ರಾಮೋಫೋನು. ಎಡಿಸನ್ನನ ಉರುಳೆಯಲ್ಲಿ ಮುಳ್ಳು ಮೇಲೆ ಕೆಳಗೆ ಚಲಿಸುತ್ತ ಆಳ ತಗ್ಗುಗಳನ್ನು ಕೊರೆಯುತ್ತಿತ್ತು. ಬರ್ಲಿನರನು ಮುಳ್ಳನ್ನು ಅಡ್ಡಡ್ಡಲಾಗಿ ಓಲಾಡಿಸಿ, ಚಪ್ಪಟೆ ತಟ್ಟೆಯ ಮೇಲೆ ಸುರುಳಿಗೆರೆ ಬರೆಯಿಸಿದನು. 1887ರ ನವೆಂಬರ್ 8ರಂದು ಇದಕ್ಕೆ ಪೇಟೆಂಟ್ ದೊರೆಯಿತು. ಸತುವಿನ ತಟ್ಟೆಗೆ ಜೇನುಮೇಣದ ತೆಳುಲೇಪ ಬಳಿಯುವುದು, ಮುಳ್ಳು ಗೀಚಿದೆಡೆ ಆಮ್ಲ ತಿಂದು ಗೆರೆ ಮೂಡುವಂತೆ ಮಾಡುವುದು, ಅದರಿಂದ ಲೋಹದ ಅಚ್ಚು ತೆಗೆದು ಪ್ರತಿಗಳನ್ನು ಒತ್ತುವುದು: ಇದು ಆತನ ಕ್ರಮ. ಬಾಲ್ಯದಲ್ಲಿ ಅಚ್ಚುಕೂಟ ಕಂಡವನಿಗೆ ಇಂಥ ಯೋಚನೆ ಹೊಳೆದದ್ದು ಸಹಜವೇ. ಆಗಿನ ಉರುಳೆಗಳಿಗೆ ಸರಿಯಾದ ಅಚ್ಚಿರಲಿಲ್ಲವಾಗಿ ಗಾಯಕರು ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕಾಗಿತ್ತು. ಬರ್ಲಿನರನ ತಟ್ಟೆಯಲ್ಲಾದರೋ ಒಮ್ಮೆ ಹಾಡಿದ್ದು ಸಾವಿರಾರು ಪ್ರತಿಗಳಾಗಬಹುದಾಗಿತ್ತು.

ಆದರೂ ಯಂತ್ರವು ಬಹುಕಾಲ ಆಟಿಕೆಯ ಮಟ್ಟವನ್ನು ದಾಟಲಿಲ್ಲ. 1889ರ ಸುಮಾರಿಗೆ ಜರ್ಮನಿಯ ಗೊಂಬೆ ತಯಾರಕರೊಬ್ಬರು ಅದನ್ನು ಆಟದ ಸಾಮಾನಾಗಿಯೇ ಮಾರಿದರು. 1894ರಲ್ಲಿ ಅಮೆರಿಕದಲ್ಲಿ ಬಿಕರಿಗೆ ಬಂದ 7 ಅಂಗುಲದ ತಟ್ಟೆಗಳನ್ನೂ ಕೈಯಿಂದಲೇ ತಿರುಗಿಸಬೇಕಾಗಿತ್ತು. ನಿಮಿಷಕ್ಕೆ ಸುಮಾರು 70 ಸುತ್ತು ತಿರುಗಬೇಕಾದ ತಟ್ಟೆ ಕೈಯ ಆತುರದಿಂದ 74 ಸುತ್ತು ತಿರುಗಿತೆನ್ನಿ. ಹಾಡು ಹತ್ತಿರ ಹತ್ತಿರ ಒಂದು ಸ್ವರಸ್ಥಾನ ಮೇಲೇರುತ್ತದೆ. ಕೈ ಸೋತರೆ ಅಷ್ಟೇ ಇಳಿಯುತ್ತದೆ. ಗಾಯಕನು ಎಷ್ಟೇ ಶ್ರುತಿಶುದ್ಧವಾಗಿ ಹಾಡಿರಲಿ, ತಿರುಗಿಸುವವನ ಕೈ ಅದನ್ನು ಕೆಡಿಸಬಲ್ಲುದಾಗಿತ್ತು.

ಈ ಕೊರತೆಯನ್ನು ನೀಗಿದವನು ಎಲ್ಡ್ರಿಜ್ ಜಾನ್ಸನ್. ಫಿಲಡೆಲ್ಫಿಯದಲ್ಲಿ ಬರ್ಲಿನರನ ಕಂಪನಿಯಿದ್ದರೆ, ಡೆಲವೇರ್ ನದಿಯ ಆಚೆ ದಡದ ಕ್ಯಾಮ್ಡೆನ್ನಿನಲ್ಲಿ ಈತನ ಸಣ್ಣ ಯಂತ್ರಶಾಲೆಯಿತ್ತು. 1896ರಲ್ಲಿ ಈತ ಕೀಲಿ ಕೊಟ್ಟರೆ ತಾನಾಗಿ ಓಡುವ ಸ್ಪ್ರಿಂಗಿನ ಯಂತ್ರವನ್ನು ಸಿದ್ಧಗೊಳಿಸಿದನು. ಸ್ಪ್ರಿಂಗಿನ ಬಲ ಆರಂಭದಲ್ಲಿ ಹೆಚ್ಚು, ಕೊನೆಯಲ್ಲಿ ಕಡಮೆ. ಅದನ್ನು ಹದದಲ್ಲಿಡಲು ವೇಗನಿಯಂತ್ರಕವಿತ್ತು. ವೇಗ ಹೆಚ್ಚಿದೊಡನೆ ಅದರ ಪುಟ್ಟ ಗುಂಡುಗಳು ಹೊರಕ್ಕೆ ಸರಿದು ಒಂದು ಬಿಲ್ಲೆಯನ್ನು ಎಳೆಯುವುವು. ಬಿಲ್ಲೆ ಮೆತ್ತೆಗೆ ಉಜ್ಜಿ ವೇಗ ತಗ್ಗುವುದು. ಆ ದಿನದಿಂದ ಗ್ರಾಮೋಫೋನು ವಾದ್ಯವೆನಿಸಿಕೊಂಡಿತು.

ಇಂದು ರಸಿಕನೊಬ್ಬನು ತನ್ನ ಮನೆಯ ಟರ್ನ್‌ಟೇಬಲ್ಲನ್ನು ಇನ್ನಷ್ಟು ಉತ್ತಮಪಡಿಸಲು ಹಣ ಸುರಿಯುವುದೂ ಬಹುಮಟ್ಟಿಗೆ ಇದೇ ಸಮಗತಿಗಾಗಿ. ಭಾರವಾದ ಪೀಠ ವೇಗದ ಏರಿಳಿತವನ್ನು ತಡೆಯುತ್ತದೆ. ಮೋಟಾರಿಗೂ ಪೀಠಕ್ಕೂ ನಡುವಣ ರಬ್ಬರ್ ಪಟ್ಟಿ ನಡುಕವನ್ನು ನುಂಗುತ್ತದೆ. 1948ರಲ್ಲಿ ಬಂದ ದೀರ್ಘವಾದನದ ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಸಾವಕಾಶದ ಗತಿಯಲ್ಲಿ ಎಳೆದು ನಿಲ್ಲಿಸಿದ ಒಂದು ಸ್ವರವು ಸ್ವಲ್ಪ ಅಲುಗಿದರೂ ನುರಿತ ಕಿವಿಗೆ ತಿಳಿಯುತ್ತದೆ. ಸಾಧನಗಳು ಸೂಕ್ಷ್ಮವಾಗಿವೆ, ಸಮಸ್ಯೆ ಮಾತ್ರ ಬರ್ಲಿನರನ ಕಾಲದ್ದೇ.

ಯಂತ್ರ ಹದಕ್ಕೆ ಬಂದಾಗ ವ್ಯಾಪಾರ ಕೆಟ್ಟಿತು. ಮಾರಾಟದ ಗುತ್ತಿಗೆ ಹಿಡಿದಿದ್ದ ಫ್ರಾಂಕ್ ಸೀಮನ್ ಎಂಬವನೊಡನೆ ವೈಮನಸ್ಯವುಂಟಾಗಿ, 1900ರಲ್ಲಿ ನ್ಯಾಯಾಲಯದ ತಡೆಯಾಜ್ಞೆ ಬಂದಿತು. ತಾನೇ ಕಂಡುಹಿಡಿದ ಯಂತ್ರವನ್ನು ಬರ್ಲಿನರ್ ಅಮೆರಿಕದಲ್ಲಿ ಮಾರುವಂತಿರಲಿಲ್ಲ. ಆತನು ತನ್ನ ಉದ್ಯಮವನ್ನು ಕೆನಡಾದ ಮಾಂಟ್ರಿಯಲ್ಲಿನಲ್ಲಿ ನೆಲೆಗೊಳಿಸಿದನು. ಜಾನ್ಸನ್ ವ್ಯಾಜ್ಯದಲ್ಲಿ ಗೆದ್ದು 1901ರಲ್ಲಿ ವಿಕ್ಟರ್ ಕಂಪನಿಯನ್ನು ಸ್ಥಾಪಿಸಿದಾಗ ಬರ್ಲಿನರನ ಪೇಟೆಂಟುಗಳು ಅದಕ್ಕೆ ಆಧಾರವಾದುವು. ಆದರೆ ಬರ್ಲಿನರನು ಇಟ್ಟ ಗ್ರಾಮೋಫೋನೆಂಬ ಹೆಸರು ಅಮೆರಿಕದ ಬಳಕೆಯಿಂದ ಮರೆಯಾಯಿತು.

ಅಲ್ಲಿ ಅಳಿದ ಹೆಸರು ನಮ್ಮಲ್ಲಿ ಮನೆಮಾತಾಯಿತು. ಮೊದಲು ಬರ್ಲಿನರನ ಬಳಿ ಕೆಲಸ ಕಲಿತ ಫ್ರೆಡ್ ಗೈಸ್‌ಬರ್ಗ್, ಲಂಡನ್ನಿನ ಗ್ರಾಮೋಫೋನ್ ಕಂಪನಿಯ ಪರವಾಗಿ 1902ರಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಆ ತಟ್ಟೆಗಳನ್ನು ಒತ್ತಿದ್ದು ಬರ್ಲಿನರ್ ಹುಟ್ಟಿದ ಹನೋವರಿನಲ್ಲಿಯೇ, ಆತನ ಸೋದರ ಜೋಸೆಫನೂ ಸೇರಿ ಸ್ಥಾಪಿಸಿದ ಕಾರ್ಖಾನೆಯಲ್ಲಿ. ಸೈನ್ಯಸೇವೆಗೆ ಹೆದರಿ ತರುಣನೊಬ್ಬ ಬಿಟ್ಟುಹೋದ ಊರಿನಿಂದ ಹಿಂದೂಸ್ತಾನಿ ಸಂಗೀತ ಪೆಟ್ಟಿಗೆಗಳಲ್ಲಿ ತುಂಬಿ ನಮ್ಮ ದೇಶಕ್ಕೆ ಬಂದಿತು. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕಾಲವಾದರು.

ಉತ್ತರವಯಸ್ಸಿನಲ್ಲಿ ಬರ್ಲಿನರನ ಗಮನ ಬೇರೆಡೆಗೆ ಹರಿಯಿತು. ಹಸುಗೂಸಾಗಿದ್ದ ಮಗಳೊಬ್ಬಳು ತೀವ್ರವಾಗಿ ಕಾಯಿಲೆ ಬಿದ್ದು ಚೇತರಿಸಿಕೊಂಡ ಮೇಲೆ, ಕಾಯಿಸದ ಹಾಲಿನಿಂದ ಶಿಶುಗಳಿಗೆ ಒದಗುವ ಅಪಾಯವನ್ನು ಜನರಿಗೆ ತಿಳಿಸುವುದನ್ನೇ ವ್ರತವಾಗಿ ಕೈಗೊಂಡನು. ಸ್ತ್ರೀಯರು ವಿಜ್ಞಾನ ಸಂಶೋಧನೆ ನಡೆಸಲೆಂದು ತಾಯಿಯ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನಿಟ್ಟನು. ಮಗ ಹೆನ್ರಿಯೊಡನೆ ಹೆಲಿಕಾಪ್ಟರಿನ ಪ್ರಯೋಗಗಳನ್ನೂ ನಡೆಸಿದನು.

1929ರ ಆಗಸ್ಟ್ 3ರಂದು ವಾಷಿಂಗ್ಟನ್ನಿನಲ್ಲಿ ಆತನು ತೀರಿಕೊಂಡನು. ತನ್ನ ಅಂತ್ಯಕ್ರಿಯೆಗೆ ಆಡಂಬರ ಕೂಡದೆಂದೂ, ಎಳೆಮಕ್ಕಳಿರುವ ಬಡ ತಾಯಂದಿರಿಗೆ ಒಂದಿಷ್ಟು ಹಣ ಕೊಡಬೇಕೆಂದೂ, ಸೂರ್ಯಾಸ್ತದ ಹೊತ್ತಿಗೆ ತನ್ನನ್ನು ಮಣ್ಣುಮಾಡಬೇಕೆಂದೂ ಆತನು ಮೊದಲೇ ಬರೆದಿಟ್ಟಿದ್ದನು. ಗ್ರಾಮೋಫೋನಿನ ಮಾತು ಆ ಕೋರಿಕೆಯಲ್ಲಿ ಇರಲಿಲ್ಲ.