ಹಳೆಯ ವಿದ್ಯೆ, ಹೊಸ ಆಟ: ಗುನ್‌ಪೇ ಯೊಕೊಯಿ

ಮಕ್ಕಳೇ, ಬ್ಯಾಂಕಿನ ಅಥವಾ ದೊಡ್ಡ ಅಂಗಡಿಯ ಬಾಗಿಲಿಗೆ ಎಳೆದು ಮುಚ್ಚುವ ಕಬ್ಬಿಣದ ಗೇಟನ್ನು ನೀವು ನೋಡಿರಬಹುದು. ಅದರ ಪಟ್ಟಿಗಳು ಕತ್ತರಿಯ ಎರಡು ಅಲಗುಗಳಂತೆ ಒಂದಕ್ಕೊಂದು ಅಡ್ಡಲಾಗಿ ಸೇರಿಕೊಂಡಿರುತ್ತವೆ. ಎಳೆದರೆ ಗೇಟು ಬಾಗಿಲಿನಗಲ ಚಾಚಿಕೊಳ್ಳುತ್ತದೆ. ತಳ್ಳಿದರೆ ಮೂಲೆಗೆ ಸರಿದು ಮಡಚಿಕೊಳ್ಳುತ್ತದೆ. ಇದರಲ್ಲಿ ಹೊಸದೇನಿದೆ ಎನ್ನುತ್ತೀರಾ? ಏನೂ ಇಲ್ಲ. ಆದರೆ ಇದೇ ಹಳೆಯ ಉಪಾಯದಿಂದ ಜಪಾನಿನ ಯುವಕನೊಬ್ಬ ಒಂದು ಆಟಿಕೆ ಮಾಡಿದ. ಅದು ಅವನ ಬದುಕನ್ನು ಬದಲಿಸಿತು. ಆಟದ ಎಲೆಗಳನ್ನು ಮಾಡುತ್ತಿದ್ದ ಒಂದು ಕಂಪನಿಯ ದಾರಿಯನ್ನೂ ಬದಲಿಸಿತು. ಆ ಯುವಕನೇ ಗುನ್‌ಪೇ ಯೊಕೊಯಿ.

ಬಿಡುವಿನಲ್ಲಿ ಹುಟ್ಟಿದ ಆಟಿಕೆ

ಯೊಕೊಯಿ ಅವರು ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಕ್ಯೋಟೋ ನಗರದಲ್ಲಿ. ಅಲ್ಲಿಯ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಅವರು ಎಲೆಕ್ಟ್ರಾನಿಕ್ಸ್ ಓದಿದರು. ಓದಿನಲ್ಲಿ ಅವರೇನೂ ಮೊದಲಿಗರಾಗಿರಲಿಲ್ಲ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. 1965ರಲ್ಲಿ ಊರಿನಲ್ಲೇ ಇದ್ದ ನಿಂಟೆಂಡೊ ಎಂಬ ಕಂಪನಿಗೆ ಸೇರಿದರು. 1889ರಲ್ಲಿ ಆರಂಭವಾದ ಆ ಕಂಪನಿ ಆಗ ಮುಖ್ಯವಾಗಿ ಆಟದ ಎಲೆಗಳನ್ನು ತಯಾರಿಸುತ್ತಿತ್ತು. ಎಲೆ ಮಾಡುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿ ಅವರ ಕೆಲಸ.

ಯಂತ್ರಗಳು ಸರಿಯಾಗಿದ್ದಾಗ ಅವರಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಆ ಬಿಡುವಿನಲ್ಲಿ ಅವರು ತಮ್ಮ ಖುಷಿಗಾಗಿ ಒಂದು ಚಾಚುವ ಕೈಯನ್ನು ಮಾಡಿಕೊಂಡರು. ಹಿಡಿಕೆಗಳನ್ನು ಹತ್ತಿರ ತಂದರೆ ಪಟ್ಟಿಗಳು ಮುಂದಕ್ಕೆ ಚಾಚಿ, ತುದಿಯ ಬೆರಳುಗಳು ದೂರದ ವಸ್ತುವನ್ನು ಹಿಡಿಯುತ್ತಿದ್ದವು. ಒಂದು ದಿನ ಕಂಪನಿಯ ಅಧ್ಯಕ್ಷ ಹಿರೋಶಿ ಯಾಮೌಚಿ ಅದನ್ನು ನೋಡಿಬಿಟ್ಟರು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ಕಾದಿದೆ ಎಂದು ಯೊಕೊಯಿ ಅಂದುಕೊಂಡರು. ಆದರೆ ಅಧ್ಯಕ್ಷರು ಅದನ್ನು ಮಾರಾಟಕ್ಕೆ ಸಿದ್ಧಗೊಳಿಸುವಂತೆ ಹೇಳಿದರು! 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಬಂತು. 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರ ನೋಡಿಕೊಳ್ಳುತ್ತಿದ್ದ ಯೊಕೊಯಿ ಅಂದಿನಿಂದ ಆಟಿಕೆಗಳ ತಂತ್ರಜ್ಞರಾದರು.

ಮೈಯಲ್ಲಿ ಹರಿಯುವ ವಿದ್ಯುತ್ತು

1969ರಲ್ಲಿ ಅವರು ‘ಲವ್ ಟೆಸ್ಟರ್’ ಎಂಬ ಇನ್ನೊಂದು ಆಟಿಕೆ ಮಾಡಿದರು. ಇಬ್ಬರು ಕೈ ಕೈ ಹಿಡಿದುಕೊಂಡು, ಉಳಿದ ಕೈಗಳಲ್ಲಿ ಒಂದೊಂದು ಲೋಹದ ಗುಂಡನ್ನು ಹಿಡಿಯಬೇಕು. ಆಗ ಮುಳ್ಳು ಮೇಲೇರಿ ಇಬ್ಬರ ನಡುವಿನ ಪ್ರೀತಿ ಎಷ್ಟೆಂದು ತೋರಿಸುತ್ತದಂತೆ! ನಿಜಕ್ಕೂ ಪ್ರೀತಿಯನ್ನು ಅಳೆಯಲು ಸಾಧ್ಯವೇ? ಇಲ್ಲ. ಅದು ಅಳೆಯುತ್ತಿದ್ದುದು ಇಬ್ಬರ ಮೈಯ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು. ಅಂಗೈ ಬೆವರಿದ್ದರೆ ಪ್ರವಾಹ ಹೆಚ್ಚು, ಒಣಗಿದ್ದರೆ ಕಡಿಮೆ. ಸಣ್ಣ ಪ್ರವಾಹವನ್ನು ಅಳೆಯುವ ಮಾಪಕ ಪ್ರಯೋಗಾಲಯಗಳಲ್ಲಿ ಮೊದಲಿನಿಂದಲೂ ಇತ್ತು. ಅದರಲ್ಲಿ ಆಟವನ್ನು ಕಂಡವರು ಯೊಕೊಯಿ.

ಮುಂದೆ ಬೆಳಕಿನ ಬಂದೂಕು ಬಂತು. ಬಂದೂಕಿನಿಂದ ಗುಂಡಿಗೆ ಬದಲು ಬೆಳಕು ಹೊಮ್ಮುತ್ತಿತ್ತು. ಗುರಿಯ ಮೇಲೆ ಸೌರಕೋಶವನ್ನು ಇಟ್ಟಿದ್ದರು. ಬೆಳಕು ಬಿದ್ದೊಡನೆ ಸೌರಕೋಶದಲ್ಲಿ ವಿದ್ಯುತ್ ಹುಟ್ಟಿ, ಗುರಿ ತಾಗಿದ್ದು ಗೊತ್ತಾಗುತ್ತಿತ್ತು.

ರೈಲಿನಲ್ಲಿ ಕಂಡ ಕ್ಯಾಲ್ಕುಲೇಟರ್

ಯೊಕೊಯಿ ಅವರು ಒಮ್ಮೆ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದರು. ಎದುರಿಗೆ ಕುಳಿತವರೊಬ್ಬರು ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದರು. ಜೇಬಿನಲ್ಲಿ ಇಟ್ಟುಕೊಳ್ಳುವಂಥ ಒಂದು ಆಟ ಇದ್ದರೆ ಹೇಗೆ ಎಂದು ಯೊಕೊಯಿ ಅವರಿಗೆ ಹೊಳೆಯಿತು.

ನಿಮ್ಮ ಮನೆಯಲ್ಲಿ ಕ್ಯಾಲ್ಕುಲೇಟರ್ ಇದ್ದರೆ ಅದರಲ್ಲಿ 8 ಎಂದು ಒತ್ತಿ ನೋಡಿ. ಆ ಅಂಕೆಯಲ್ಲಿ ಏಳು ಸಣ್ಣ ಗೆರೆಗಳಿವೆ. ಬೇಕಾದ ಗೆರೆಗಳು ಮಾತ್ರ ಕಪ್ಪಾದರೆ 1, 2, 3 ಎಲ್ಲ ಅಂಕೆಗಳೂ ಮೂಡುತ್ತವೆ. ಇದು ಎಲ್‌ಸಿಡಿ, ಅಂದರೆ ದ್ರವಸ್ಫಟಿಕ ಫಲಕ. ಇದಕ್ಕೆ ತನ್ನದೇ ಬೆಳಕಿಲ್ಲ. ವಿದ್ಯುತ್ತು ಕೊಟ್ಟ ಜಾಗ ಬೆಳಕನ್ನು ತಡೆದು ಕಪ್ಪಾಗಿ ಕಾಣುತ್ತದೆ, ಅಷ್ಟೆ. ಆದ್ದರಿಂದ ಇದಕ್ಕೆ ಬಹಳ ಕಡಿಮೆ ವಿದ್ಯುತ್ತು ಸಾಕು.

ಗೆರೆಗಳ ಬದಲು ಚಿತ್ರಗಳನ್ನೇ ಇಟ್ಟರೆ? ಒಂದಾದ ಮೇಲೊಂದು ಚಿತ್ರ ಕಪ್ಪಾಗುತ್ತಾ ಹೋದರೆ ಚೆಂಡು ಹಾರಿದಂತೆ ಕಾಣುತ್ತದೆ! ಹೀಗೆ 1980ರಲ್ಲಿ ‘ಗೇಮ್ ಅಂಡ್ ವಾಚ್’ ಹುಟ್ಟಿತು. ಆಡದಿರುವಾಗ ಅದು ಗಡಿಯಾರ. ಆ ಹೊತ್ತಿಗೆ ಕ್ಯಾಲ್ಕುಲೇಟರುಗಳು ತುಂಬ ಅಗ್ಗವಾಗಿದ್ದವು. ಅವುಗಳ ಫಲಕವೂ ಸುಲಭವಾಗಿ ಸಿಗುತ್ತಿತ್ತು. ಬೇರೆ ಬೇರೆ ಆಟಗಳ ಈ ಸಾಧನಗಳು ಒಟ್ಟು 4 ಕೋಟಿಗೂ ಹೆಚ್ಚು ಮಾರಾಟವಾದವು.

1982ರಲ್ಲಿ ಇದೇ ಸಾಲಿನ ಒಂದು ಆಟಕ್ಕಾಗಿ ಯೊಕೊಯಿ ಅವರು ಅಧಿಕ ಚಿಹ್ನೆಯ ಆಕಾರದ ಗುಂಡಿಯನ್ನು ರೂಪಿಸಿದರು. ನಾಲ್ಕು ದಿಕ್ಕಿಗೂ ಒಂದೇ ತುಂಡು. ಯಾವ ತುದಿಯನ್ನು ಒತ್ತಿದರೆ ಆ ದಿಕ್ಕಿನ ಸಂಪರ್ಕ ಕೂಡುತ್ತದೆ. ಗುಂಡಿಯನ್ನು ನೋಡದೆಯೇ ಹೆಬ್ಬೆರಳಿಗೆ ದಿಕ್ಕು ತಿಳಿಯುತ್ತದೆ. ಇವತ್ತಿಗೂ ವಿಡಿಯೋ ಗೇಮಿನ ಹಿಡಿಕೆಗಳಲ್ಲಿ ಈ ಆಕಾರವನ್ನು ಕಾಣಬಹುದು.

ಬಣ್ಣವಿಲ್ಲದ ಗೆಲುವು

1989ರ ಏಪ್ರಿಲ್ 21ರಂದು ಯೊಕೊಯಿ ಅವರ ತಂಡದ ‘ಗೇಮ್ ಬಾಯ್’ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅದರ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು. ಗುಣಿಸಿ ನೋಡಿ, ಒಟ್ಟು 23,040. ಬಣ್ಣವಿಲ್ಲ, ಕೇವಲ ನಾಲ್ಕು ಛಾಯೆಗಳು. ಪರದೆಯ ಹಿಂದೆ ದೀಪವೂ ಇಲ್ಲ. ಕತ್ತಲಲ್ಲಿ ಆಡಲು ಆಗುತ್ತಿರಲಿಲ್ಲ.

ಇದೇ ಸಮಯದಲ್ಲಿ ಬೇರೆ ಕಂಪನಿಗಳು ಬಣ್ಣದ ಪರದೆಯ ಸಾಧನಗಳನ್ನು ತಂದವು. 1990ರಲ್ಲಿ ಸೆಗಾ ಕಂಪನಿಯ ‘ಗೇಮ್ ಗಿಯರ್’ ಬಂತು. ನೋಡಲು ಅದೇ ಚೆಂದ. ಆದರೆ ಅದಕ್ಕೆ ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲುಗಳು ಆರು ಬೇಕು. ಅವು ಮೂರರಿಂದ ಐದು ಗಂಟೆಯಲ್ಲಿ ಮುಗಿಯುತ್ತಿದ್ದವು. ಪರದೆಯ ಹಿಂದಿನ ದೀಪವೇ ವಿದ್ಯುತ್ತನ್ನು ನುಂಗುತ್ತಿತ್ತು. ಗೇಮ್ ಬಾಯ್‌ಗೆ ನಾಲ್ಕೇ ಸೆಲ್ಲು. ಅವು 10 ಗಂಟೆಗಿಂತ ಹೆಚ್ಚು ಬಾಳುತ್ತಿದ್ದವು. ಬೆಲೆಯೂ ಕಡಿಮೆ.

ಈಗ ನೀವೇ ಹೇಳಿ, ಸೆಲ್ಲು ಕೊಳ್ಳಲು ಪ್ರತಿ ಸಲವೂ ಅಪ್ಪ ಅಮ್ಮನ ಬಳಿ ಹಣ ಕೇಳಬೇಕಾದ ಮಗುವಿಗೆ ಯಾವುದು ಇಷ್ಟವಾದೀತು? ಗೇಮ್ ಬಾಯ್ ಮತ್ತು 1998ರಲ್ಲಿ ಬಂದ ಅದರ ಬಣ್ಣದ ರೂಪ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. 1993ರಲ್ಲಿ ರಷ್ಯಾದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೊವ್ ಒಂದು ಗೇಮ್ ಬಾಯನ್ನು ಬಾಹ್ಯಾಕಾಶಕ್ಕೂ ಒಯ್ದಿದ್ದರು!

ಯೊಕೊಯಿ ಅವರ ವಿಚಾರ ಹೀಗಿತ್ತು. ತೀರ ಹೊಸ ತಂತ್ರಜ್ಞಾನ ದುಬಾರಿ. ಅದರ ದೋಷಗಳು ಇನ್ನೂ ಪೂರ್ತಿ ಗೊತ್ತಾಗಿರುವುದಿಲ್ಲ. ಹಳೆಯದಾಗಿ ಪಳಗಿದ ತಂತ್ರಜ್ಞಾನ ಅಗ್ಗ. ಅದರ ಗುಣದೋಷಗಳು ಎಲ್ಲರಿಗೂ ಗೊತ್ತು. ಅದನ್ನು ಯಾರೂ ಬಳಸದ ಕಡೆ ಬಳಸಿದರೆ ಹೊಸ ವಸ್ತು ಹುಟ್ಟುತ್ತದೆ.

ಕೆಂಪು ಪರದೆಯ ಸೋಲು

ಆದರೆ ಒಂದೇ ಸೂತ್ರ ಎಲ್ಲ ಕಡೆಯೂ ಗೆಲ್ಲುವುದಿಲ್ಲ. 1995ರಲ್ಲಿ ಯೊಕೊಯಿ ಅವರ ‘ವರ್ಚುವಲ್ ಬಾಯ್’ ಬಂತು. ಅದರೊಳಗೆ ಮುಖವಿಟ್ಟು ನೋಡಬೇಕಿತ್ತು. ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಸರಿದಂತೆ ಕಾಣುತ್ತದೆ, ಅಲ್ಲವೇ? ಎರಡು ಕಣ್ಣಿಗೆ ಕಾಣುವ ಚಿತ್ರಗಳಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತದೆ. ಮಿದುಳು ಅವೆರಡನ್ನೂ ಸೇರಿಸಿ ವಸ್ತು ಎಷ್ಟು ದೂರವಿದೆ ಎಂದು ತಿಳಿಯುತ್ತದೆ. ವರ್ಚುವಲ್ ಬಾಯ್ ಕೂಡ ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸಿ ಆಳವನ್ನು ಕಾಣಿಸುತ್ತಿತ್ತು.

ಅದರಲ್ಲಿ ಬಳಸಿದ್ದು ಕೆಂಪು ಎಲ್‌ಇಡಿ ದೀಪಗಳನ್ನು ಮಾತ್ರ. ಆಗ ಅವು ಅಗ್ಗವಾಗಿದ್ದವು. ಬೇರೆ ಬಣ್ಣದವು ದುಬಾರಿ. ಆದರೆ ಕಪ್ಪು ಹಿನ್ನೆಲೆಯ ಕೆಂಪು ಗೆರೆಗಳು ಜನರಿಗೆ ಹಿಡಿಸಲಿಲ್ಲ. ಕಣ್ಣು ಸೋಲುತ್ತದೆ, ತಲೆ ನೋಯುತ್ತದೆ ಎಂಬ ದೂರುಗಳು ಬಂದವು. ಮೇಜಿನ ಮೇಲಿಟ್ಟು ಬಗ್ಗಿ ಆಡಬೇಕಾಗಿದ್ದರಿಂದ ಜೊತೆಯಲ್ಲಿ ಒಯ್ಯಲೂ ಆಗುತ್ತಿರಲಿಲ್ಲ. 8 ಲಕ್ಷದಷ್ಟೂ ಮಾರಾಟವಾಗದೆ ಒಂದು ವರ್ಷದೊಳಗೆ ಅದು ನಿಂತುಹೋಯಿತು. ಗೇಮ್ ಬಾಯ್‌ನಲ್ಲಿ ಬಣ್ಣ ಬಿಟ್ಟದ್ದರಿಂದ ಸೆಲ್ಲು ಉಳಿಯಿತು, ಬೆಲೆ ಇಳಿಯಿತು. ಇಲ್ಲಿ ಬಣ್ಣ ಬಿಟ್ಟದ್ದು ಆಡುವವರ ಕಣ್ಣಿಗೆ ಭಾರವಾಯಿತು. ವ್ಯತ್ಯಾಸ ಗಮನಿಸಿದಿರಾ?

ಸ್ವಂತ ಸಂಸ್ಥೆ

1996ರ ಆಗಸ್ಟ್‌ನಲ್ಲಿ, 31 ವರ್ಷಗಳ ನಂತರ, ಯೊಕೊಯಿ ಅವರು ನಿಂಟೆಂಡೊ ಬಿಟ್ಟರು. ಆಗ ಅವರಿಗೆ 54 ವರ್ಷ. ಆ ವಯಸ್ಸಿನಲ್ಲಿ ಕ್ಯೋಟೋದಲ್ಲೇ ‘ಕೋಟೊ’ ಎಂಬ ಸ್ವಂತ ಸಂಸ್ಥೆ ತೆರೆದು ಮೊದಲಿನಿಂದ ಆರಂಭಿಸಿದರು. ಅಲ್ಲಿ ಬಾಂಡಾಯ್ ಎಂಬ ಆಟಿಕೆ ಕಂಪನಿಗಾಗಿ ಹೊಸ ಸಾಧನವೊಂದರ ಕೆಲಸ ಶುರುವಾಯಿತು.

ಅದು ಮುಗಿಯುವುದನ್ನು ನೋಡಲು ಅವರು ಉಳಿಯಲಿಲ್ಲ. 1997ರ ಅಕ್ಟೋಬರ್ 4ರಂದು ಅವರು ಹೋಗುತ್ತಿದ್ದ ಕಾರು ಹೆದ್ದಾರಿಯಲ್ಲಿ ಇನ್ನೊಂದು ವಾಹನಕ್ಕೆ ತಾಗಿತು. ಏನಾಯಿತೆಂದು ನೋಡಲು ಕೆಳಗಿಳಿದಾಗ ಮತ್ತೊಂದು ಕಾರು ಬಂದು ಅವರಿಗೆ ಬಡಿಯಿತು. ಆಗ ಅವರಿಗೆ 56 ವರ್ಷ.

ಅವರ ಜೊತೆಗಾರರು ಕೆಲಸ ನಿಲ್ಲಿಸಲಿಲ್ಲ. 1999ರ ಮಾರ್ಚ್‌ನಲ್ಲಿ ‘ವಂಡರ್‌ಸ್ವಾನ್’ ಹೊರಬಂತು. ಅದಕ್ಕೆ ಬೇಕಿದ್ದದ್ದು ಒಂದೇ ಒಂದು ಸೆಲ್ಲು. ಅದರಲ್ಲೇ ಸುಮಾರು 30 ಗಂಟೆ ಆಡಬಹುದಿತ್ತು. ಅದರೊಂದಿಗೆ ಬಂದ ಒಂದು ಆಟಕ್ಕೆ ‘ಗುನ್‌ಪೇ’ ಎಂದೇ ಹೆಸರಿಟ್ಟರು.

ಮಕ್ಕಳೇ, ನಿಮ್ಮ ಮನೆಯಲ್ಲೂ ಹಾಳಾದ ಗಡಿಯಾರ, ಹಳೆಯ ಟಾರ್ಚು, ಸೈಕಲ್ಲಿನ ಬಿಡಿಭಾಗಗಳು ಇರಬಹುದು. ಎಸೆಯುವ ಮುನ್ನ ಒಮ್ಮೆ ಕೈಗೆತ್ತಿಕೊಂಡು ನೋಡಿ. ಇದು ಇನ್ನು ಯಾವುದಕ್ಕೆ ಬಂದೀತು ಎಂದು ಕೇಳಿಕೊಳ್ಳಿ.

ಮಾಡಿ ನೋಡಿ: ಚಾಚುವ ಕೈ

ಬೇಕಾಗುವ ವಸ್ತುಗಳು: ದಪ್ಪ ರಟ್ಟು, ದಾರ, ಸ್ಕೇಲು, ಕತ್ತರಿ.

1. ರಟ್ಟಿನಿಂದ 15 ಸೆ.ಮೀ. ಉದ್ದ, 2 ಸೆ.ಮೀ. ಅಗಲದ ಎಂಟು ಪಟ್ಟಿಗಳನ್ನು ಕತ್ತರಿಸಿ.
2. ಪ್ರತಿ ಪಟ್ಟಿಯ ಸರಿಯಾದ ನಡುವೆ ಒಂದು, ಎರಡು ತುದಿಗಳ ಬಳಿ ಒಂದೊಂದು ತೂತು ಮಾಡಿ. ಇದಕ್ಕೆ ದೊಡ್ಡವರ ಸಹಾಯ ಪಡೆಯಿರಿ.
3. ಎರಡೆರಡು ಪಟ್ಟಿಗಳನ್ನು ಗುಣಾಕಾರ ಚಿಹ್ನೆಯಂತೆ ಇಟ್ಟು, ನಡುವಿನ ತೂತಿನಲ್ಲಿ ದಾರ ತೂರಿಸಿ ಎರಡೂ ಕಡೆ ಗಂಟು ಹಾಕಿ. ಪಟ್ಟಿಗಳು ಸುಲಭವಾಗಿ ತಿರುಗಬೇಕು. ಇಂಥ ನಾಲ್ಕು ಜೋಡಿ ಮಾಡಿ.
4. ಒಂದು ಜೋಡಿಯ ಮುಂದಿನ ತುದಿಗಳನ್ನು ಮುಂದಿನ ಜೋಡಿಯ ಹಿಂದಿನ ತುದಿಗಳಿಗೆ ಗಂಟು ಹಾಕುತ್ತಾ ನಾಲ್ಕನ್ನೂ ಸಾಲಾಗಿ ಸೇರಿಸಿ.
5. ಒಂದು ಕೊನೆಯ ಎರಡು ತುದಿಗಳನ್ನು ಹಿಡಿದು ಹತ್ತಿರ ತನ್ನಿ, ದೂರ ಸರಿಸಿ.

ಹಿಡಿದ ತುದಿಗಳು ಸ್ವಲ್ಪವೇ ಸರಿದರೂ ಮುಂದಿನ ತುದಿ ಎಷ್ಟು ಮುಂದೆ ಹೋಯಿತು? ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಈಗ ಆ ತುದಿಯಿಂದ ಒಂದು ಹಗುರವಾದ ರಬ್ಬರನ್ನು, ಆಮೇಲೆ ಒಂದು ಪುಸ್ತಕವನ್ನು ತಳ್ಳಿ ನೋಡಿ. ಪುಸ್ತಕ ತಳ್ಳುವುದು ಕಷ್ಟ ಏಕೆ? ದೂರದಲ್ಲಿ ಲಾಭವಾದಾಗ ಬಲದಲ್ಲಿ ಏನಾಗುತ್ತದೆ? ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ಶಿಕ್ಷಕರಿಗೆ ತಿಳಿಸಿ.