ಲಿಂಗೈಕ್ಯ ಶ್ರೀ ಚನ್ನಬಸವ ಪಟ್ಟದ್ದೇವರ ಚರಿತ್ರೆಯೂ ಲಾಂಛನವಿಚಾರವೂ

ಮಹಾತ್ಮರ ಚರಿತ್ರೆಯನ್ನು ಬರೆಯುವವರು ಅವರ ಪವಾಡಗಳಿಂದ ಆರಂಭಿಸುವುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಭಾಲ್ಕಿ ಹಿರೇಮಠ ಸಂಸ್ಥಾನದ ಲಿಂಗೈಕ್ಯ ಶ್ರೀ ಚನ್ನಬಸವ ಪಟ್ಟದ್ದೇವರ ವಿಷಯದಲ್ಲಿ ಆ ರೂಢಿಯನ್ನು ಅನುಸರಿಸುವ ಅಗತ್ಯವಿಲ್ಲ. ಬೀದರ ಸೀಮೆಯಲ್ಲಿ ಅವರ ಹೆಸರೆತ್ತಿದೊಡನೆ ಹಿರಿಯರಿಗೂ ಕಿರಿಯರಿಗೂ ನೆನಪಾಗುವುದು ಒಂದು ನಾಮಫಲಕ. ಶಾಲೆಯ ಹೊರಗೆ ಉರ್ದು ಲಿಪಿಯ ಫಲಕ, ಒಳಗೆ ಕನ್ನಡದ ಪಾಠ: ಇಷ್ಟನ್ನು ಅರಿಯದವರು ಆ ಪ್ರಾಂತದಲ್ಲಿ ವಿರಳ. ಈ ಫಲಕದ ಅರ್ಥವೇನೆಂಬುದನ್ನು ವಿಚಾರಿಸಿದರೆ ಅವರ ಚರಿತ್ರೆಯ ಬಹುಭಾಗವನ್ನು ಹೇಳಿದಂತೆಯೇ ಆಗುವುದು.

ಪಟ್ಟದ್ದೇವರು ೧೮೯೦ನೆಯ ಇಸವಿ ಡಿಸೆಂಬರ ೨೨ರಂದು ಕಮಲನಗರದಲ್ಲಿ ಜನಿಸಿದರು. ಬಹುಕಾಲ ಔರಾದ ತಾಲೂಕಿಗೆ ಸೇರಿದ್ದ ಆ ಊರು ಈಚೆಗೆ ತಾನೇ ಒಂದು ತಾಲೂಕಿನ ಮುಖ್ಯಸ್ಥಳವಾಗಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಎಂಬಂತೆ ಮೂರು ನುಡಿಗಳ ನಡುವೆ ಜನರು ಬಾಳುತ್ತಿದ್ದ ಗಡಿನಾಡು ಅದು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತೀರದಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಇವರ ಅಧ್ಯಯನ ನಡೆಯಿತು. ಸಾಧಕನು ಶಾಸ್ತ್ರದೊಡನೆ ಸಮಾಜಸೇವೆಯನ್ನೂ ಕಲಿಯಬೇಕೆಂಬುದು ಆ ಸಂಸ್ಥೆಯ ಧ್ಯೇಯ. ಅಲ್ಲಿಂದ ಮರಳಿದ ಬಳಿಕ ಭಾಲ್ಕಿ ಹಿರೇಮಠದ ಪಟ್ಟವು ಇವರಿಗೆ ಬಂದಿತು.

ಪಟ್ಟವೇರಿದ ಕಾಲದ ರಾಜಕೀಯ ಸ್ಥಿತಿಯನ್ನು ಇಂದಿನ ತರುಣ ಶಿಷ್ಯರಿಗೆ ಸ್ವಲ್ಪ ವಿಸ್ತರಿಸಿ ಹೇಳಬೇಕು. ಬೀದರ ಜಿಲ್ಲೆಯು ಆಗ ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿದ್ದಿತು. ಆ ಸಂಸ್ಥಾನದ ಹಳದಿಯ ಧ್ವಜದ ನಡುವೆ ಕುಲ್ಚಾ ಎಂಬ ರೊಟ್ಟಿಯ ಗುರುತಾಗಿ ಒಂದು ವರ್ತುಲವಿತ್ತು. ಮೊದಲ ನಿಜಾಮನಿಗೆ ಒಬ್ಬ ಸೂಫಿ ಸಂತನು ರೊಟ್ಟಿಯನ್ನು ಕೊಟ್ಟು ಹರಸಿದನೆಂಬ ಐತಿಹ್ಯವೇ ಅದರ ಮೂಲ. ಒಂದು ರೊಟ್ಟಿಯ ಚಿತ್ರವು ಇನ್ನೂರು ವರ್ಷಗಳ ರಾಜ್ಯಾಧಿಕಾರಕ್ಕೆ ಲಾಂಛನವಾಗಿ ನಿಂತಿತೆಂದ ಮೇಲೆ, ಲಾಂಛನದ ಬಲವು ಅದರ ಆಕಾರದಲ್ಲಿಲ್ಲ, ಅದನ್ನು ನಂಬಿದವರಲ್ಲಿದೆ ಎಂಬುದು ಸ್ಪಷ್ಟ. ಆಡಳಿತದ ಭಾಷೆ ಉರ್ದು. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆಯು ಉರ್ದುವಿನಲ್ಲಿಯೇ. ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಡಬಹುದೆಂದು ತೋರಿಸಿದ ಕೀರ್ತಿಯು ಆ ವಿದ್ಯಾಲಯಕ್ಕೆ ಸಲ್ಲತಕ್ಕದ್ದೇ. ಆದರೆ ಸಂಸ್ಥಾನದ ಬಹುಸಂಖ್ಯಾತರ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದುದರಿಂದ ಆ ಕೀರ್ತಿಯ ನೆರಳಲ್ಲಿ ಉಳಿದ ನುಡಿಗಳು ಬಾಡಿದವು. ಖಾಸಗಿ ಶಾಲೆಯನ್ನು ತೆರೆಯಲು ಸರಕಾರದ ಅಪ್ಪಣೆ ಬೇಕಾಗಿತ್ತು. ಕನ್ನಡದ ಶಾಲೆಗೆ ಅದು ಸುಲಭವಾಗಿ ದೊರೆಯುವಂತಿರಲಿಲ್ಲ.

ಇಂತಹ ಸಮಯದಲ್ಲಿ, ೧೯೩೬ರ ಸುಮಾರಿಗೆ, ಪಟ್ಟದ್ದೇವರು ಹುಟ್ಟೂರಾದ ಕಮಲನಗರದಲ್ಲಿ ಶಾಲೆಯನ್ನು ತೆರೆದರು. ಮುಂದೆ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯೆಂದು ಬೆಳೆದ ಕಾರ್ಯಕ್ಕೆ ಅಲ್ಲಿಯೇ ಬೀಜ ಬಿದ್ದಿತು. ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡದ ಅಕ್ಷರವನ್ನು ತಿದ್ದಿಸಿದರು. ಬಡಮಕ್ಕಳಿಗೆ ಊಟ ವಸತಿಗಳ ವ್ಯವಸ್ಥೆಯು ಮಠದಿಂದಲೇ ಆಯಿತು. ಐರ್ಲಂಡಿನಲ್ಲಿ ಆಂಗ್ಲರ ಕಟ್ಟಳೆಯನ್ನು ತಪ್ಪಿಸಿ ಬೇಲಿಯ ಮರೆಯಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯರಿದ್ದರು. ರಶಿಯದ ಆಳಿಕೆಯಲ್ಲಿದ್ದ ಪೋಲಂಡಿನ ವಾರ್ಸಾ ಪಟ್ಟಣದಲ್ಲಿ ಮನೆಯಿಂದ ಮನೆಗೆ ತಾಣ ಬದಲಿಸುತ್ತ ನಡೆದ ಗುಪ್ತ ವಿದ್ಯಾಪೀಠವೊಂದಿತ್ತು. ನಮ್ಮ ಪಟ್ಟದ್ದೇವರು ಮರೆಗೆ ಬೇಲಿಯನ್ನು ಹುಡುಕಲಿಲ್ಲ. ಸರಕಾರವು ಯಾವ ಲಿಪಿಯನ್ನು ಕಾಣಬಯಸಿತೋ ಅದನ್ನೇ ಬಾಗಿಲಿಗೆ ಮರೆಯಾಗಿ ಮಾಡಿಕೊಂಡರು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಸತ್ಯವನ್ನು ಬೋಧಿಸುವ ಪೀಠದಲ್ಲಿ ಕುಳಿತವರು ಬಾಗಿಲಿಗೊಂದು, ಒಳಗೊಂದು ಎಂಬಂತೆ ನಡೆದುಕೊಳ್ಳಬಹುದೆ? ಈ ಪ್ರಶ್ನೆಯನ್ನು ಸಲೀಸಾಗಿ ತಳ್ಳಿಹಾಕುವುದು ನನಗೆ ಸರಿತೋರದು. ಏಕೆಂದರೆ ಒಳಗೊಂದು ಹೊರಗೊಂದಾದ ಬಾಳನ್ನು ನಮ್ಮ ಶರಣರಷ್ಟು ಕಟುವಾಗಿ ಖಂಡಿಸಿದವರಿಲ್ಲ. ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ ನಡತೆಯಲ್ಲಿ ಹೀನನಾದವನನ್ನು ಅವರು ಬರಿಯ ವೇಷಧಾರಿಯೆಂದೇ ಕರೆದರು. ಆದರೆ ಅವರು ಖಂಡಿಸಿದುದು ಯಾವುದನ್ನು? ಒಳಗೆ ಏನೂ ಇಲ್ಲದೆ ಹೊರಗೆ ಮಾತ್ರ ಲಾಂಛನವನ್ನು ಮೆರೆಸುವುದನ್ನು. ಕಮಲನಗರದ ಶಾಲೆಯಲ್ಲಿ ನಡೆದುದು ಅದಕ್ಕೆ ತೀರ ವಿಪರೀತ. ಅಲ್ಲಿ ಒಳಗಿನ ವಸ್ತುವು ಪೂರ್ಣವಾಗಿದ್ದು, ಅದನ್ನು ಸಾರುವ ಗುರುತನ್ನು ಮಾತ್ರ ಕೆಲಕಾಲ ತಡೆಹಿಡಿಯಲಾಗಿತ್ತು. ಇಷ್ಟಲಿಂಗವನ್ನು ಅರಿವಿನ ಕುರುಹೆಂದು ತಿಳಿಯುವ ನಮಗೆ ಕುರುಹಿಗಿಂತ ಅರಿವು ಹಿರಿದೆಂಬ ಮಾತು ಹೊಸದಲ್ಲ. ಕನ್ನಡದ ಫಲಕವನ್ನು ಹಟದಿಂದ ತೂಗಿಸಿ ಶಾಲೆಯನ್ನೇ ಮುಚ್ಚಿಸಿಕೊಂಡಿದ್ದರೆ ಅಭಿಮಾನವೇನೋ ಉಳಿಯುತ್ತಿತ್ತು, ಅಕ್ಷರ ಉಳಿಯುತ್ತಿರಲಿಲ್ಲ.

ಇದರಿಂದ ಉರ್ದುವಿನ ಮೇಲೆ ಅವರಿಗೆ ದ್ವೇಷವಿತ್ತೆಂದು ಯಾರೂ ಊಹಿಸಬಾರದು. ಬೀದರ ನಗರದ ಜನಜೀವನವು ಅಂತಹ ದ್ವೇಷಕ್ಕೆ ಒಗ್ಗುವಂತಹದಲ್ಲ. ನಗರದ ಸಮೀಪದ ಅಷ್ಟೂರಿನಲ್ಲಿ ೧೪೩೬ರಲ್ಲಿ ಮೃತನಾದ ಬಹಮನಿ ಸುಲ್ತಾನ ಅಹಮದ ಶಾಹನ ಗೋರಿಯಿದೆ. ಅವನನ್ನು ಮುಸಲ್ಮಾನರು ವಲಿಯೆಂದು ಪೂಜಿಸುವರು; ಅಲ್ಲಮಪ್ರಭುವಿನ ಅವತಾರವೆಂದು ನಮ್ಮವರು ನಡೆದುಕೊಳ್ಳುವರು. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಕಲಬುರಗಿ ಸೀಮೆಯ ಮಾಡ್ಯಾಳದಿಂದ ಜಂಗಮರು ಬಂದು ಶಂಖವನ್ನೂದುವ ಸಂಪ್ರದಾಯವುಂಟು. ಗೋರಿಯ ಮುಂದೆ ಶಂಖಧ್ವನಿ! ಒಂದೇ ಕುರುಹಿನಲ್ಲಿ ಎರಡು ಸಮುದಾಯಗಳು ತಮ್ಮ ತಮ್ಮ ದೈವವನ್ನು ಕಾಣುವ ನೆಲದಲ್ಲಿ ಒಂದು ಲಿಪಿಯನ್ನು ಶತ್ರುವೆಂದು ಬಗೆಯುವುದು ಸಾಧ್ಯವಿಲ್ಲ. ಪಟ್ಟದ್ದೇವರ ತಕರಾರು ಇದ್ದುದು ಮಗುವಿಗೆ ತಾಯ್ನುಡಿಯನ್ನು ನಿರಾಕರಿಸುವ ಕಟ್ಟಳೆಯ ಮೇಲೆ.

ಹೊರಗಿನ ಲಾಂಛನವನ್ನು ಹೀಗೆ ಅಳೆದವರು ತಮ್ಮ ಪೀಠದ ಲಾಂಛನಗಳನ್ನು ಅಳೆಯದೆ ಬಿಡಲಿಲ್ಲ. ನನ್ನ ಬುದ್ಧಿಗೆ ಇದೇ ಹೆಚ್ಚು ಕಠಿಣವಾದ ಕಾರ್ಯವೆಂದು ತೋರುತ್ತದೆ. ಮಠಾಧಿಪತಿಗೆ ಅಡ್ಡಪಲ್ಲಕ್ಕಿಯೆಂಬುದು ದೊಡ್ಡ ಬಿರುದು. ಅದಕ್ಕಾಗಿ ಊರೂರುಗಳಲ್ಲಿ ವಾದಗಳಾದುದನ್ನು ಹಿರಿಯರು ಬಲ್ಲರು. ಪಟ್ಟದ್ದೇವರು ಪಲ್ಲಕ್ಕಿಯಲ್ಲಿ ತಾವು ಕುಳಿತುಕೊಳ್ಳುವುದನ್ನು ಬಿಟ್ಟು ಅದರಲ್ಲಿ ವಚನಗ್ರಂಥಗಳನ್ನಿರಿಸಿ ಉತ್ಸವ ಮಾಡಿಸಿದರು. ಪಲ್ಲಕ್ಕಿಯು ಮೊದಲಿನದೇ, ಹೊರುವ ಭಕ್ತರೂ ಮೊದಲಿನವರೇ. ಆದರೆ ಹೊತ್ತು ನಡೆಸುವುದು ವ್ಯಕ್ತಿಯನ್ನಲ್ಲ, ವಾಙ್ಮಯವನ್ನು ಎಂದಾಯಿತು. ಮಠದ ಪ್ರಸಾದನಿಲಯದಲ್ಲಿ ಎಲ್ಲ ಜಾತಿಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡರು. ಆ ಕಾಲದಲ್ಲಿ ಪಂಕ್ತಿಯೆಂಬುದೇ ಕುಲದ ದೊಡ್ಡ ಗುರುತಾಗಿದ್ದಿತು. ಅಸ್ಪೃಶ್ಯರೆನಿಸಿಕೊಂಡವರ ಮಗುವಿಗೆ ಆ ಸಾಲಿನಲ್ಲಿ ಎಡೆಯಿಡುವುದು ಸಾಮಾನ್ಯ ಧೈರ್ಯದ ಮಾತಲ್ಲ.

೧೯೪೭ರ ಆಗಸ್ಟಿನಲ್ಲಿ ಭಾರತವು ಸ್ವತಂತ್ರವಾದರೂ ಹೈದರಾಬಾದ ಸಂಸ್ಥಾನದಲ್ಲಿ ತ್ರಿವರ್ಣಧ್ವಜವನ್ನು ಏರಿಸುವುದು ಅಪರಾಧವಾಗಿಯೇ ಉಳಿಯಿತು. ಒಂದು ತುಂಡು ಬಟ್ಟೆಗಾಗಿ ಪ್ರಾಣ ಕೊಡುವವರೂ ಪ್ರಾಣ ತೆಗೆಯುವವರೂ ಆಗ ಈ ಸೀಮೆಯಲ್ಲಿ ಕಾಣಿಸಿಕೊಂಡರು. ೧೯೪೮ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ಬೀದರ ಜಿಲ್ಲೆ ಇಂದಿಗೂ ಮರೆತಿಲ್ಲ. ಆ ವರ್ಷದ ಸೆಪ್ಟೆಂಬರ ೧೭ರಂದು ಸಂಸ್ಥಾನವು ಭಾರತಕ್ಕೆ ಶರಣಾಯಿತು. ಮರೆಯ ಫಲಕದ ಅಗತ್ಯವೂ ಅದರೊಡನೆ ಮುಗಿಯಿತು.

ಆದರೆ ಬೀದರ ಜಿಲ್ಲೆಯ ಭಾಷೆಯ ಪ್ರಶ್ನೆ ಆಗಲೇ ಮುಗಿಯಲಿಲ್ಲ. ೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನರ್ರಚನೆಯಾದಾಗ ಹಳೆಯ ಜಿಲ್ಲೆಯು ಮೂರು ಪಾಲಾಗಿ ಉದಗೀರ ಮೊದಲಾದವು ಮುಂಬಯಿ ರಾಜ್ಯಕ್ಕೂ ಜಹೀರಾಬಾದ ಮೊದಲಾದವು ಆಂಧ್ರಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯವನ್ನು ಸೇರಿದವು. ಗಡಿಯ ಗೆರೆಯನ್ನು ಎಳೆದವರು ದೂರದ ದಿಲ್ಲಿಯವರು. ಆದರೆ ಆ ಗೆರೆಯ ಈಚೆಗೆ ಕನ್ನಡವನ್ನು ಓದಬಲ್ಲ ಒಂದು ತಲೆಮಾರು ಅಷ್ಟರಲ್ಲಿ ಸಿದ್ಧವಾಗಿದ್ದುದು ಯಾರಿಂದ ಎಂಬುದನ್ನು ಭಾಲ್ಕಿ ಮತ್ತು ಕಮಲನಗರದ ಹಳೆಯ ವಿದ್ಯಾರ್ಥಿಗಳು ಹೇಳುತ್ತ ಬಂದರು.

ಆಮೇಲಿನ ವರ್ಷಗಳಲ್ಲಿ ಪಟ್ಟದ್ದೇವರ ಮನಸ್ಸು ಬಸವಕಲ್ಯಾಣದತ್ತ ಹೊರಳಿತು. ಹನ್ನೆರಡನೆಯ ಶತಮಾನದ ಅನುಭವಮಂಟಪದ ಹೆಸರಿನಲ್ಲಿ ಅಲ್ಲಿ ಒಂದು ನೂತನ ಮಂಟಪವನ್ನು ಎಬ್ಬಿಸುವ ಕಾರ್ಯಕ್ಕೆ ಅವರು ಮುಂದಾಳಾಗಿ ನಿಂತು, ಇಳಿವಯಸ್ಸಿನಲ್ಲಿಯೂ ಜೋಳಿಗೆ ಹಿಡಿದು ಭಕ್ತರ ಬಾಗಿಲಿಗೆ ಬಿಜಯಂಗೈದರು. ಅವರಿಗೆ ಗೌರವ ಡಾಕ್ಟರೇಟ್ ಪದವಿಯೂ ಬಂದಿತು. ನೂರ ಎಂಟು ವರ್ಷಗಳ ತುಂಬು ಬಾಳನ್ನು ಬಾಳಿ, ೧೯೯೯ನೆಯ ಇಸವಿ ಏಪ್ರಿಲ್ ೨೨ರಂದು ಪೂಜ್ಯರು ಲಿಂಗೈಕ್ಯರಾದರು. ಬೀದರ ನಗರದ ಜಿಲ್ಲಾ ರಂಗಮಂದಿರಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಭಾಲ್ಕಿಯಲ್ಲಿ ಅವರ ಸ್ಮರಣೋತ್ಸವವು ನಡೆಯುತ್ತದೆ.